ಒನ್ಸ್ ಮೋರ್ ಅಂದರೆ ಟೈಮ್‌ಕೋಡ್ ಕೇಳುತ್ತದೆಯೇ?

ನಮಸ್ಕಾರ. ನಮ್ಮ ಬಾಗಲಕೋಟೆ ಕಡೆ ಕಾಲೇಜಿನ ವಾರ್ಷಿಕೋತ್ಸವಕ್ಕೆ ಗ್ಯಾದರಿಂಗ್ ಅಂತಾರೆ, ಗೊತ್ತಲ್ವಾ? ಕೆಲವು ವರ್ಷದ ಹಿಂದೆ ಅಂಥದ್ದೊಂದು ಗ್ಯಾದರಿಂಗಿನಲ್ಲಿ ನಾನು ಸೌಂಡ್ ನೋಡಿಕೊಳ್ಳುತ್ತಿದ್ದೆ. ಲೈಟಿನವರು ಬೇರೆ, ಹಿಂದಿನ ಎಲ್‌ಇಡಿ ವಾಲ್‌ಗೆ ವಿಡಿಯೋ ಬಿಡುವವರು ಬೇರೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಂದು, ಎರಡು, ಮೂರು ಅಂತ ಎಣಿಸಿ, ಒಟ್ಟಿಗೇ ಬಟನ್ ಒತ್ತಿದೆವು. ನಾಲ್ಕು ನಿಮಿಷದ ಹಾಡು. ಹುಡುಗಿಯರು ಇನ್ನೂ ಜೋರಾಗಿ ಕುಣಿಯುತ್ತಿದ್ದಾರೆ, ಹಿಂದೆ ಪರದೆ ಮೇಲೆ ‘ಧನ್ಯವಾದಗಳು’ ಅಂತ ಬಂದೇ ಬಿಟ್ಟಿತು! ಜನ ಚಪ್ಪಾಳೆ ಹೊಡೆದು ಏಳೋಕೂ ಶುರು ಮಾಡಿದರು.

ಆಮೇಲೆ ನೋಡಿದರೆ, ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ, ಇದ್ದ ವಿಡಿಯೋವನ್ನು 25ರ ಲೆಕ್ಕದಲ್ಲಿ ಓಡಿಸಿದ್ದರು. ಒಂದೇ ಫ್ರೇಮ್ ತಾನೇ ಅನ್ನಬೇಡಿ. ನಾಲ್ಕು ನಿಮಿಷಕ್ಕೆ ಹೆಚ್ಚುಕಡಿಮೆ ಹತ್ತು ಸೆಕೆಂಡ್ ಮುಂದೆ ಹೋಗಿಬಿಡುತ್ತದೆ. ಒಟ್ಟಿಗೆ ಹೊರಟ ಮಾತ್ರಕ್ಕೆ ಒಟ್ಟಿಗೆ ಊರು ಮುಟ್ಟುತ್ತೇವೆ ಅಂತ ಇಲ್ಲವಲ್ಲ.

ಅದಕ್ಕೇ ಟೈಮ್‌ಕೋಡ್. ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್ ಅಂತ ಹಾಡಿನ ಜೊತೆಗೇ ಲೆಕ್ಕ ಹೇಳುತ್ತಾ ಹೋಗುವ ಸಿಗ್ನಲ್. ಇದರಲ್ಲಿ ಎಲ್‌ಟಿಸಿ (ಲೀನಿಯರ್ ಟೈಮ್‌ಕೋಡ್) ಅಂತ ಒಂದು ಬಗೆ ಇದೆ. ಮಜಾ ಅಂದ್ರೆ ಅದು ಬರೀ ಶಬ್ದ, ಹಳೇ ಫ್ಯಾಕ್ಸ್ ಮಷಿನ್ ಕಿರುಚಿದ ಹಾಗೆ. ನಾವು ಒಂದೇ ಫೈಲಿನಲ್ಲಿ ಎಡಗಡೆ ಚಾನಲ್‌ಗೆ ಹಾಡು, ಬಲಗಡೆಗೆ ಈ ಕಿರುಚಾಟ ಹಾಕುತ್ತೇವೆ. ಹಾಡು ಜನರಿಗೆ. ಕಿರುಚಾಟ ಲೈಟು ನಡೆಸುವ ಯಂತ್ರವಾದ ಲೈಟಿಂಗ್ ಕನ್ಸೋಲ್‌ಗೆ, ವಿಡಿಯೋ ಬಿಡುವ ಕಂಪ್ಯೂಟರಿಗೆ. ಒಂದು ನಿಮಿಷ ಹನ್ನೆರಡು ಸೆಕೆಂಡಿಗೆ ಕೆಂಪು ಲೈಟು ಅಂತ ಬರೆದಿಟ್ಟರೆ ಆ ಕ್ಷಣಕ್ಕೆ ಅದಾಗೇ ಬರುತ್ತದೆ, ಯಾರೂ ಎಣಿಸಬೇಕಿಲ್ಲ. ಕೇಬಲ್ ಅಲುಗಾಡಿ ಸಿಗ್ನಲ್ ಒಂದು ಚೂರು ಕಡಿದರೂ ಒಳ್ಳೆಯ ಕನ್ಸೋಲ್ ತನ್ನಷ್ಟಕ್ಕೆ ಸ್ವಲ್ಪ ಹೊತ್ತು ಲೆಕ್ಕ ಮುಂದುವರಿಸುತ್ತದೆ.

ಆದರೆ ಬಲಗಡೆ ಚಾನಲ್ಲು ತಪ್ಪಿಯೂ ಸ್ಪೀಕರಿಗೆ ಹೋಗಬಾರದು. ನನಗೆ ಒಮ್ಮೆ ಹೋಗಿದೆ. ಅವಸರದಲ್ಲಿ ಎರಡೂ ಚಾನಲ್ಲಿನ ಫೇಡರ್, ಅಂದರೆ ಶಬ್ದ ಏರಿಳಿಸುವ ಜಾರುಗುಂಡಿ, ಒಟ್ಟಿಗೆ ಏರಿಸಿದೆ, ಇಡೀ ಮೈದಾನಕ್ಕೆ ಕಿರ್ರೋ ಅಂತ ಕೇಳಿಸಿತು. ಮುಂದಿನ ಸಾಲಿನ ಹಿರಿಯರೊಬ್ಬರು, “ಸ್ಪೀಕರ್ ಹೋತೇನ್ರೀ?” ಅಂದರು. ಈಗ ಆ ಫೇಡರ್ ಮೇಲೆ ಕೆಂಪು ಟೇಪ್ ಅಂಟಿಸಿರುತ್ತೇನೆ.

ಇನ್ನೊಂದು, ದೂರದ ಲೆಕ್ಕ. ಶಬ್ದ 34 ಮೀಟರ್ ಹೋಗಲು ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಕೇಬಲ್ಲಿನಲ್ಲಿ ಹೋಗುವ ಸಿಗ್ನಲ್ಲಿಗೆ ಆ ಹೊತ್ತೂ ಬೇಡ. ಹಾಗಾಗಿ ಮೈದಾನದ ನಡುವೆ ನಿಲ್ಲಿಸಿದ ಸ್ಪೀಕರನ್ನು, ವೇದಿಕೆಯ ಸ್ಪೀಕರಿನ ಶಬ್ದ ಅಲ್ಲಿಗೆ ಮುಟ್ಟಲು ಬೇಕಾದಷ್ಟು ತಡಮಾಡಿ ನುಡಿಸಬೇಕು, ಇಲ್ಲದಿದ್ದರೆ ಹಿಂದೆ ಕೂತವರಿಗೆ ಒಂದೇ ಮಾತು ಎರಡು ಸಲ. ವಿಜಯಪುರದ ಗೋಲಗುಮ್ಮಟದಲ್ಲಿ ಪ್ರತಿಧ್ವನಿ ಕೇಳಿ ಖುಷಿಪಡುತ್ತೇವೆ, ಸರಿ. ಆದರೆ ಭಾಷಣಕ್ಕೆ ಅದು ಬಂದರೆ ಒಂದು ಮಾತೂ ತಿಳಿಯುವುದಿಲ್ಲ. ಎಲ್‌ಇಡಿ ವಾಲ್ ಕೂಡ ಕ್ಯಾಮೆರಾದ ಚಿತ್ರವನ್ನು ಕೆಲವು ಫ್ರೇಮ್ ತಡವಾಗಿ ತೋರಿಸುತ್ತದೆ. 25 ಫ್ರೇಮಿನ ವಿಡಿಯೋದಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ಮುಂದಿನ ಸಾಲಿನವರಿಗೆ ಪರದೆ ಮೇಲಿನ ಹಾಡುಗಾರನ ತುಟಿ ಹಿಂದೆ ಬಿದ್ದಂತೆ ಕಾಣುತ್ತದೆ, ತೀರ ಹಿಂದಿನವರಿಗೆ ಸರಿಯಾಗೇ ಕಾಣುತ್ತದೆ, ಯಾಕಂದ್ರೆ ಶಬ್ದವೂ ಅವರಿಗೆ ತಡವಾಗೇ ಮುಟ್ಟುತ್ತದೆ. ಎಲ್ಲರಿಗೂ ಒಂದೇ ಸಲ ಸರಿ ಮಾಡೋಕೆ ಆಗಲ್ಲ, ನಾನಂತೂ ಆ ಆಸೆ ಬಿಟ್ಟಿದ್ದೇನೆ.

ಹಾಗಂತ ಎಲ್ಲದಕ್ಕೂ ಟೈಮ್‌ಕೋಡ್ ಹಾಕೋದಾ? ಬಾದಾಮಿ ಹತ್ತಿರ ಬನಶಂಕರಿ ಜಾತ್ರೆಗೆ ಹೋಗಿ ಕಂಪನಿ ನಾಟಕ ನೋಡಿ. ಹಾರ್ಮೋನಿಯಂ ಮಾಸ್ತರರ ಬೆರಳು ಮನೆಗಳ ಮೇಲೆ, ಕಣ್ಣು ನಟನ ಮೇಲೆ. ನಟ ಉಸಿರು ಎಳೆದುಕೊಂಡ ಅಂದರೆ ಸ್ವರ ಶುರು. ಜನ ಒನ್ಸ್ ಮೋರ್ ಅಂದರೆ ಮತ್ತೆ ಅದೇ ಹಾಡು. ಟೈಮ್‌ಕೋಡಿಗೆ ಒನ್ಸ್ ಮೋರ್ ಕೇಳಿಸುವುದಿಲ್ಲ, ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ. ರೆಕಾರ್ಡ್ ಹಾಡಿಗೆ ಕುಣಿಯುವಾಗ ಹಾಡು ಹೇಳಿದ್ದನ್ನು ಉಳಿದವು ಕೇಳಲಿ. ಮನುಷ್ಯ ಹಾಡುವಾಗ ಮನುಷ್ಯ ಹೇಳಿದ್ದನ್ನು ಕೇಳಬೇಕು. ನಾಟಕಕ್ಕೆ ನಾನು ಸೌಂಡು, ಲೈಟು, ವಿಡಿಯೋ ಮೂರನ್ನೂ ಸೇರಿಸಿ ಕಂಪ್ಯೂಟರಿನಲ್ಲಿ ಚಿಕ್ಕ ಚಿಕ್ಕ ಕ್ಯೂ, ಅಂದರೆ ಒಂದು ಗುಂಡಿ ಒತ್ತಿದರೆ ಒಟ್ಟಿಗೆ ಶುರುವಾಗುವ ಕಟ್ಟು, ಮಾಡಿಟ್ಟುಕೊಳ್ಳುತ್ತೇನೆ. ಸ್ಪೇಸ್ ಬಾರ್ ಮೇಲೆ ಬೆರಳು, ನಟನ ಮೇಲೆ ಕಣ್ಣು. ಒನ್ಸ್ ಮೋರ್ ಬಂತೋ, ಮೇಲಿನ ಬಾಣದ ಗುಂಡಿ ಒತ್ತಿ ಒಂದು ಕ್ಯೂ ಹಿಂದೆ ಹೋಗಿ ಕಾಯುತ್ತೇನೆ.