ಲೇಬಲ್ ಮೇಲೆ ಒಂದೇ ಹೆಸರು

ಹೋದ ತಿಂಗಳು ಇದೇ ಹಾಲ್‌ನಲ್ಲಿ ನಮ್ಮ ಗೆಳೆಯರೊಬ್ಬರು 'ಲಾ ಕುಂಪರ್ಸೀತಾ' ಎಂಬ ಟ್ಯಾಂಗೋದ ತಟ್ಟೆ ಹಾಕಿದರು. ಟ್ಯಾಂಗೋ ಅಂದರೆ ದಕ್ಷಿಣ ಅಮೆರಿಕದ ಜೋಡಿ ಕುಣಿತ, ಅದರ ಸಂಗೀತ. ಹಾಕಿ, "ಇದು ಅರ್ಜೆಂಟೀನಾದ ಹಾಡು" ಎಂದರು. ನಾನು ಹಿಂದಿನ ಸಾಲಿನಲ್ಲಿ ಕೂತು ಕೈ ಎತ್ತಿದೆ. ಅಷ್ಟರಲ್ಲಿ ಕಾಫಿ ಬಂತು. ಕಾಫಿ ಬಂದ ಮೇಲೆ ಯಾರ ಮಾತು ಯಾರು ಕೇಳುತ್ತಾರೆ? ಎತ್ತಿದ ಆ ಕೈ ಇನ್ನೂ ಇಳಿದಿಲ್ಲ. ಅದಕ್ಕೇ ಇವತ್ತು ಮೈಕ್ ಕೇಳಿ ಇಸಕೊಂಡಿದ್ದೇನೆ.

ಅದು ಉರುಗ್ವೆಯ ಹಾಡು ಸ್ವಾಮಿ. ಸುಮ್ನೆ ಜಗಳಕ್ಕೆ ಹೇಳುತ್ತಿಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಅರ್ಜೆಂಟೀನಾದ ತಂಡ ಈ ಹಾಡಿಗೆ ಹೆಜ್ಜೆ ಹಾಕುತ್ತಾ ಮೈದಾನಕ್ಕೆ ಬಂತು. ಉರುಗ್ವೆ ಸರ್ಕಾರ ಪ್ರತಿಭಟಿಸಿತು. ಅದಕ್ಕೆ ಎರಡು ವರ್ಷ ಮೊದಲೇ, 1998ರಲ್ಲಿ, ಇದು ನಮ್ಮ ಜನಪದದ ನಾಡಗೀತೆ ಅಂತ ಅವರು ಕಾನೂನು ಮಾಡಿಕೊಂಡಿದ್ದರು. ಮೂರು ನಿಮಿಷದ ಒಂದು ಹಾಡಿಗೆ ಕಾನೂನು! ನಮಗೆ ಇದು ವಿಚಿತ್ರ ಅನ್ನಿಸಬಾರದು, ಅಲ್ವಾ? ಮೈಸೂರು ಪಾಕ್ ಯಾರದು ಅಂತ ಜಗಳ ಆಡುವವರು ನಾವು.

ಈಗ ಕಥೆಗೆ ಬರೋಣ. ಊರು ಮಾಂಟೆವಿಡಿಯೊ. ಹುಡುಗನ ಹೆಸರು ಜೆರಾರ್ಡೊ ಮಾತೋಸ್ ರೊದ್ರೀಗೆಸ್, 1897ರಲ್ಲಿ ಹುಟ್ಟಿದವನು. ಓದುತ್ತಿದ್ದದ್ದು ಕಟ್ಟಡ ಕಟ್ಟುವ ವಿದ್ಯೆ. ಕಾರ್ನಿವಲ್ ಹಬ್ಬದಲ್ಲಿ ವಿದ್ಯಾರ್ಥಿಗಳ ತಂಡ ಬೀದಿಯಲ್ಲಿ ಮೆರವಣಿಗೆ ಹೋಗಬೇಕಿತ್ತು. ಅದಕ್ಕೊಂದು ನಡಿಗೆಯ ಟ್ಯೂನ್ ಬೇಕು. ಇವನು ಕಟ್ಟಿದ. ಅಂಥ ತಂಡಕ್ಕೆ ಅಲ್ಲಿ 'ಕೊಂಪಾರ್ಸಾ' ಎನ್ನುತ್ತಾರೆ. 'ಕುಂಪರ್ಸೀತಾ' ಅಂದರೆ ಪುಟ್ಟ ತಂಡ. ಅಂದರೆ ಹುಟ್ಟುವಾಗ ಇದು ಟ್ಯಾಂಗೋ ಕೂಡ ಆಗಿರಲಿಲ್ಲ.

ಆಗ ಮಾಂಟೆವಿಡಿಯೊದ 'ಲಾ ಹಿರಾಲ್ದಾ' ಎಂಬ ಕಾಫಿ ಅಂಗಡಿಯಲ್ಲಿ ರೊಬೆರ್ತೊ ಫಿರ್ಪೋ ನುಡಿಸುತ್ತಿದ್ದ. ಬ್ಯೂನಸ್ ಐರಿಸ್‌ನಿಂದ ಬಂದವನು, ಪಿಯಾನೋದವನು, ದೊಡ್ಡ ಹೆಸರು. ಹುಡುಗನಿಗೆ ನಾಚಿಕೆ. ಟ್ಯೂನ್ ಬರೆದ ಹಾಳೆಯನ್ನು ಗೆಳೆಯನ ಕೈಯಲ್ಲಿ ಕೊಟ್ಟು ಕಳಿಸಿದ. ಫಿರ್ಪೋ ನೋಡಿದ. ಎರಡು ಭಾಗ ಇತ್ತು, ಮೂರನೆಯದು ಬೇಕಿತ್ತು. ಆಗಿನ ಟ್ಯಾಂಗೋಗಳ ಪದ್ಧತಿ ಅದು. ಏನು ಮಾಡಿದ ಗೊತ್ತಾ? ತಾನೇ ಹಿಂದೆ ಕಟ್ಟಿ, ಯಾರೂ ಕೇಳದೆ ಮೂಲೆ ಸೇರಿದ್ದ ಎರಡು ಟ್ಯಾಂಗೋಗಳ ತುಂಡುಗಳನ್ನು ತಂದು ಹೊಲಿದ. ಜೊತೆಗೆ ವೆರ್ದಿಯ ಒಪೆರಾದಿಂದ ಒಂಚೂರು ಎತ್ತಿದೆ ಅಂತ ಮುಂದೆ ಅವನೇ ಹೇಳಿಕೊಂಡ. ಮೆರವಣಿಗೆಯ ಟ್ಯೂನು, ಮೂಲೆ ಸೇರಿದ್ದ ಟ್ಯಾಂಗೋ, ಇಟಲಿಯ ಒಪೆರಾ, ಎಲ್ಲ ಸೇರಿಸಿ ಒಂದು ಕೌದಿ. ಉರುಗ್ವೆಯವರು ಹಬ್ಬ ಮಾಡುವುದು 1917ರ ಏಪ್ರಿಲ್ 19ರ ಲೆಕ್ಕದಲ್ಲಿ, ಅವತ್ತು ಆ ಕಾಫಿ ಅಂಗಡಿಯಲ್ಲಿ ಇದು ಮೊದಲು ಕೇಳಿತು ಅಂತ. ಅಂಗಡಿ ಈಗಿಲ್ಲ. ಆ ಜಾಗದಲ್ಲಿ ಪಲಾಸಿಯೊ ಸಾಲ್ವೊ ಎಂಬ ದೊಡ್ಡ ಕಟ್ಟಡ ನಿಂತಿದೆ.

ಫಿರ್ಪೋ ರೆಕಾರ್ಡೂ ಮಾಡಿದ. ಆಗ ಮೈಕ್ ಇಲ್ಲ. ತಗಡಿನ ಕೊಂಬಿನ ಮುಂದೆ ಇಡೀ ತಂಡ ಗುಂಪುಗೂಡಿ ನುಡಿಸಬೇಕು. ತಟ್ಟೆಯ ಒಂದು ಮುಖಕ್ಕೆ ಸುಮಾರು ಮೂರು ನಿಮಿಷ, ಅಷ್ಟೇ. ಟ್ಯಾಂಗೋ ಯಾಕೆ ಮೂರು ನಿಮಿಷಕ್ಕೆ ಮುಗಿಯುತ್ತದೆ ಅಂತ ಕೇಳಿದಿರಲ್ಲ ಮೇಡಂ, ಇದಕ್ಕೇ. ತಟ್ಟೆಯ ಹಿಂಬದಿಗೆ ಏನೋ ಒಂದು ಬೇಕಿತ್ತು, ಇದನ್ನು ಹಾಕಿದರು. ಲೇಬಲ್ ಮೇಲೆ ಬಂದದ್ದು ಮಾತೋಸ್ ಹೆಸರೊಂದೇ. ಫಿರ್ಪೋ ತನ್ನ ಹೆಸರು ಸೇರಿಸಲಿಲ್ಲ.

ನನ್ನ ಜಗಳ ಇರುವುದು ಇಲ್ಲೇ. ಲೇಬಲ್ ಮೇಲೆ ಒಂದೇ ಹೆಸರು, ಒಳಗೆ ಇಬ್ಬರ ನಾಲ್ಕು ಕೈ. ನಮ್ಮಲ್ಲಿ ದಾಸರು ಜಾಣರು, ಹಾಡಿನ ಒಳಗೇ ಅಂಕಿತ ಇಟ್ಟರು. ಆದರೆ ಪುರಂದರದಾಸರ ಪದವನ್ನು ನಾವು ಇವತ್ತು ಹಾಡುವ ಧಾಟಿ ಯಾರದು? ಹೆಚ್ಚಿನವಕ್ಕೆ ಆಮೇಲಿನವರು ಕೂಡಿಸಿದ್ದು. ಅವರ ಅಂಕಿತ ಎಲ್ಲಿದೆ? ಇರಲಿ, ಅದಕ್ಕೆ ಹೋದರೆ ಮುಗಿಯುವುದಿಲ್ಲ.

ಹುಡುಗ ಹಕ್ಕನ್ನು ಬ್ಯೂನಸ್ ಐರಿಸ್‌ನ ಪ್ರಕಾಶಕರಿಗೆ ಮಾರಿಬಿಟ್ಟ. ಎಷ್ಟಕ್ಕೆ? 20 ಪೆಸೊ ಅನ್ನುತ್ತಾರೆ, ಇನ್ನು ಕೆಲವರು 50 ಅನ್ನುತ್ತಾರೆ. ಆ ದುಡ್ಡೂ ಕುದುರೆ ರೇಸ್‌ನಲ್ಲಿ ಹೋಯಿತಂತೆ. ಇಲ್ಲಿ ರೇಸ್‌ಕೋರ್ಸ್ ರಸ್ತೆ ಕಡೆಯವರು ಯಾಕೆ ನಗುತ್ತಿದ್ದೀರೋ ನನಗೆ ಗೊತ್ತು.

ಮುಂದೆ ಕೆಲವು ವರ್ಷ ಹಾಡು ಸಪ್ಪೆಯಾಗಿ ಬಿದ್ದಿತ್ತು. 1924ರಲ್ಲಿ ಪಾಸ್ಕುವಾಲ್ ಕೊಂತುರ್ಸಿ ಮತ್ತು ಎನ್ರೀಕೆ ಮರೋನಿ ಒಂದು ನಾಟಕಕ್ಕಾಗಿ ಈ ಟ್ಯೂನ್‌ಗೆ ಮಾತು ಬರೆದರು. ಯಾರನ್ನೂ ಕೇಳಲಿಲ್ಲ. ಮಟ್ಟು ಹಿಡಿದು ಹಾಡು ಕಟ್ಟುವುದು ನಮ್ಮ ಕಂಪನಿ ನಾಟಕದವರಿಗೂ ದಿನದ ಕೆಲಸವೇ. ಆದರೆ ಅವರು "ಇಂಥ ಹಾಡಿನ ಮಟ್ಟು" ಅಂತ ಮೇಲೆ ಅಚ್ಚು ಹಾಕುತ್ತಿದ್ದರು. ಇವರು ಹೆಸರನ್ನೇ ಬದಲಿಸಿ 'ಸಿ ಸುಪಿಯೆರಾಸ್' ಎಂದರು. "ನಿನಗೆ ಗೊತ್ತಿದ್ದರೆ" ಅಂತ ಅರ್ಥ. ಬಿಟ್ಟು ಹೋದವಳಿಗೆ ಅಳಲು ಹೇಳುವ ಹಾಡು. ಕಾರ್ಲೋಸ್ ಗಾರ್ದೆಲ್ ಹಾಡಿದ. ಗಾರ್ದೆಲ್ ಹಾಡಿದ ಮೇಲೆ ಕೇಳಬೇಕಾ? ಊರೆಲ್ಲ ಅದೇ.

ಮಾತೋಸ್ ಆಗ ಪ್ಯಾರಿಸ್‌ನಲ್ಲಿದ್ದ. ಟ್ಯಾಂಗೋ ತಂಡ ನಡೆಸುತ್ತಿದ್ದ ಫ್ರಾನ್ಸಿಸ್ಕೊ ಕನಾರೊ ಅಲ್ಲಿಗೆ ಬಂದವನು ಸುದ್ದಿ ಹೇಳಿದ: ನಿನ್ನ ಹಾಡು ಬೇರೆ ಹೆಸರಲ್ಲಿ ಎಲ್ಲ ಕಡೆ ಓಡುತ್ತಿದೆ. ಶುರುವಾಯಿತು ಕೋರ್ಟು. ಮಾರುವಾಗ ನಾನು ಮೈನರ್, ಮಾರಾಟವೇ ಊರ್ಜಿತವಲ್ಲ ಅಂತ ಅವನ ವಾದ. ಮಾತು ಬರೆದವರ ಮೇಲೆ ಇನ್ನೊಂದು ಕೇಸು. ಎಳೆದರು, ಎಳೆದರು. 1948ರಲ್ಲಿ ಮಾತೋಸ್ ತೀರಿಕೊಂಡ. ತೀರ್ಮಾನವೂ ಅದೇ ವರ್ಷ ಆಯಿತು. ಮಾಡಿದ್ದು ಯಾರು? ಅದೇ ಕನಾರೊ, ಸಂಗೀತಗಾರರ ಸಂಘದ ಅಧ್ಯಕ್ಷನಾಗಿ. ಟ್ಯೂನ್‌ನ ಕಡೆಗೆ 80 ಪಾಲು, ಮಾತಿನ ಕಡೆಗೆ 20. ಫಿರ್ಪೋಗೆ? ಸೊನ್ನೆ. ಮತ್ತೆ ಹೇಳುತ್ತೇನೆ, ಒಳಗೆ ನಾಲ್ಕು ಕೈ.

ಇಷ್ಟು ಹೊತ್ತಿಗೆ ನಾನು ಟ್ಯಾಂಗೋದ ಇನ್ನೊಬ್ಬ ಪಿಯಾನೋದವನು ಪುಗ್ಲಿಯೇಸೆಗೆ ಬರಬೇಕಿತ್ತು. ಗಡಿಯಾರ ನೋಡಿದರೆ... ಸರಿ, ಬೇಗ ಬರುತ್ತೇನೆ.

'ರೆಕುಯೆರ್ದೊ', ಅಂದರೆ ನೆನಪು. ಟ್ಯಾಂಗೋದಲ್ಲಿ ಇದಕ್ಕಿಂತ ಚೆಂದದ ಟ್ಯೂನ್ ಇಲ್ಲ ಅನ್ನುವವರ ಪಕ್ಷ ನನ್ನದು. 1924ರಲ್ಲಿ ಅಚ್ಚಾದಾಗ ಮೇಲೆ ಇದ್ದ ಹೆಸರು ಅದೋಲ್ಫೊ ಪುಗ್ಲಿಯೇಸೆ. ಕಟ್ಟಿದವನು ಅವನ ಮಗ ಒಸ್ವಾಲ್ದೊ! ಮಗನಿಗೆ ಆಗ ಇಪ್ಪತ್ತೂ ತುಂಬಿರಲಿಲ್ಲ. ನೋಡಿದಿರಾ, ಲೇಬಲ್ ಮತ್ತೆ ಸುಳ್ಳು ಹೇಳಿತು. ಈ ಸಲ ಸುಳ್ಳು ಮನೆಯೊಳಗೇ ಉಳಿಯಿತು ಅನ್ನುವುದೊಂದು ಸಮಾಧಾನ.

ಈ ಒಸ್ವಾಲ್ದೊ ಕಮ್ಯುನಿಸ್ಟ್. ತನ್ನ ಆರ್ಕೆಸ್ಟ್ರಾವನ್ನು ಸಹಕಾರ ಸಂಘದ ಹಾಗೆ ನಡೆಸಿದ. ಬಂದ ದುಡ್ಡನ್ನು ಅಂಕ ಹಾಕಿ ಹಂಚಿಕೊಳ್ಳುತ್ತಿದ್ದರು. ನಾನು ಬ್ಯಾಂಕ್ ಯೂನಿಯನ್‌ನಲ್ಲಿ ಇಪ್ಪತ್ತು ವರ್ಷ ಇದ್ದವನು. ನಮ್ಮ ಚಹಾ ದುಡ್ಡಿಗೂ ಅಷ್ಟು ನೇರ ಲೆಕ್ಕ ಇರಲಿಲ್ಲ. ಅವನನ್ನು ಮತ್ತೆ ಮತ್ತೆ ಜೈಲಿಗೆ ಹಾಕಿದರು. ಅಂಥ ದಿನಗಳಲ್ಲೂ ತಂಡ ವೇದಿಕೆ ಹತ್ತುತ್ತಿತ್ತು. ಪಿಯಾನೋ ಮೇಲೆ ಒಂದು ಕೆಂಪು ಕಾರ್ನೇಷನ್ ಹೂವು ಇಟ್ಟು ನುಡಿಸುತ್ತಿದ್ದರು. ಜನರಿಗೆ ಅರ್ಥವಾಗುತ್ತಿತ್ತು, ಯಜಮಾನ ಇವತ್ತು ಒಳಗಿದ್ದಾನೆ ಅಂತ. 1985ರ ಡಿಸೆಂಬರ್‌ನಲ್ಲಿ, 80ರ ವಯಸ್ಸಿನಲ್ಲಿ, ಬ್ಯೂನಸ್ ಐರಿಸ್‌ನ ದೊಡ್ಡ ಒಪೆರಾ ಮನೆ ತೆಯಾತ್ರೊ ಕೊಲೋನ್‌ನಲ್ಲಿ ನುಡಿಸಿದ.

ಚೀಟಿ ಬಂತು. "ಹತ್ತು ನಿಮಿಷ" ಅಂತಿದೆ. ಅಲ್ಲ, "ಎರಡು ನಿಮಿಷ". ಕನ್ನಡಕ ತೆಗೆದಿದ್ದೆ.

ಟ್ಯಾಂಗೋ ತಂಡದ ತಿದಿಯ ವಾದ್ಯ ಬಂದೋನಿಯೋನ್ ಬಗ್ಗೆ ಒಂದೇ ಮಾತು. ಹಾರ್ಮೋನಿಯಂ ಹಾಗೆ ಅದೂ ಯುರೋಪಿನಿಂದ ಹಡಗು ಹತ್ತಿ ಹೋದದ್ದು, ಜರ್ಮನಿಯ ಪೆಟ್ಟಿಗೆ. ಹಾರ್ಮೋನಿಯಂನಲ್ಲಿ ಒಂದು ಮನೆ ಒತ್ತಿದರೆ ಒಂದೇ ಸ್ವರ. ಇದರಲ್ಲಿ ಅದೇ ಗುಂಡಿ ಎಳೆಯುವಾಗ ಒಂದು ಸ್ವರ, ಒತ್ತುವಾಗ ಇನ್ನೊಂದು. 71 ಗುಂಡಿ. ಲೆಕ್ಕ ನೀವೇ ಹಾಕಿ.

ಈ ಬಂದೋನಿಯೋನ್ ನುಡಿಸುತ್ತಿದ್ದ, ಟ್ಯಾಂಗೋ ಕಟ್ಟುತ್ತಿದ್ದ ಪಿಯಾಸೊಲ್ಲಾ ಬಗ್ಗೆ ನಾಲ್ಕು ಹಾಳೆ ಬರೆದು ತಂದಿದ್ದೆ. ಅದರಲ್ಲಿ ಒಂದನ್ನಾದರೂ ಹೇಳಬೇಕು. 1959ರಲ್ಲಿ ಅವನು ದೂರದ ಪ್ರವಾಸದಲ್ಲಿದ್ದಾಗ ಅಪ್ಪ ತೀರಿಕೊಂಡ ಸುದ್ದಿ ಬಂತು. ಊರಿಗೆ ಹೋಗಲು ಕೈಯಲ್ಲಿ ದುಡ್ಡಿಲ್ಲ. ನ್ಯೂಯಾರ್ಕ್‌ನ ಮನೆಗೆ ಬಂದು, ಎಲ್ಲರನ್ನೂ ಕೋಣೆಯಿಂದ ಹೊರಗೆ ಕಳಿಸಿ, ಅರ್ಧ ಗಂಟೆಯಲ್ಲಿ 'ಅದಿಯೋಸ್ ನೊನೀನೊ' ಬರೆದ. ನೊನೀನೊ ಅಂದರೆ ಮನೆಯಲ್ಲಿ ಅಪ್ಪನನ್ನು ಕರೆಯುತ್ತಿದ್ದ ಹೆಸರು. ಉಳಿದ ಮೂರು ಹಾಳೆ ಬೇಕಾದವರು ಆಮೇಲೆ ಇಸಕೊಳ್ಳಿ.

ಈಗ ತಟ್ಟೆ ಹಾಕುತ್ತೇನೆ. ಹೋದ ತಿಂಗಳು ಕೇಳಿದ್ದೇ, ಆದರೆ ಬೇರೆ ರೆಕಾರ್ಡು. ಹುವಾನ್ ದಾರಿಯೆನ್ಸೊನ ಆರ್ಕೆಸ್ಟ್ರಾ, 1937. ಈ ಒಂದು ಟ್ಯೂನನ್ನು ಅವನು ಜೀವಮಾನದಲ್ಲಿ ಮತ್ತೆ ಮತ್ತೆ ರೆಕಾರ್ಡ್ ಮಾಡಿದ. ಕುಣಿಯುವುದನ್ನು ಬಿಟ್ಟಿದ್ದ ಹುಡುಗರನ್ನು ವಾಪಸು ಕರೆತಂದದ್ದು ಇವನ ಈ ಕುಟ್ಟುವ ತಾಳ. ಇಂದಿಗೂ ಕುಣಿತದ ರಾತ್ರಿ ಮುಗಿಯಿತು ಅನ್ನುವುದಕ್ಕೆ ಕೊನೆಗೆ ಹಾಕುವುದು ಕುಂಪರ್ಸೀತಾನೇ. ಪಿಟೀಲುಗಳು ಒಂದು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವ ಸಂದು ಇದೆಯಲ್ಲ, ಅಲ್ಲಿ ಪಿಯಾನೋ ನುಗ್ಗುತ್ತದೆ. ಅದು ರೊದೋಲ್ಫೊ ಬಿಯಾಜಿಯ ಕೈ. 'ಮಾಂತ್ರಿಕ ಕೈ' ಅಂತಲೇ ಅವನನ್ನು ಕರೆಯುತ್ತಿದ್ದರು. ಲೇಬಲ್ ಮೇಲೆ ಹುಡುಕಬೇಡಿ. ಸಂದಿನಲ್ಲಿ ಕೇಳಿ.

ಕಾಫಿಯವರೇ, ಮೂರು ನಿಮಿಷ ಬಾಗಿಲಲ್ಲೇ ನಿಲ್ಲಿ.