ಕೈಬರಹದ ಫಾಂಟು ನಾಲ್ಕು ಪದಗಳಿಗೆ ಸಾಕು

ಕೇಳುಗರೆಲ್ಲರಿಗೂ ನಮಸ್ಕಾರ. ಮದುವೆಯ ಕರೆಯೋಲೆ, ಅಂಗಡಿಯ ಬೋರ್ಡು, ಉತ್ಸವದ ಬ್ಯಾನರು ಮಾಡಿಸುವವರೂ ಡಿಟಿಪಿ ಕೇಂದ್ರಗಳಲ್ಲಿ ಕುಳಿತು ಅವನ್ನು ಮಾಡಿಕೊಡುವವರೂ ಈಗ ಕೇಳುತ್ತಿದ್ದೀರಿ ಎಂದು ಭಾವಿಸಿ, ಒಂದೇ ಒಂದು ಮಾತನ್ನು ಹೇಳಲು ಬಂದಿದ್ದೇನೆ. ಕೈಬರಹವನ್ನು ಹೋಲುವ ಫಾಂಟನ್ನು ನಾಲ್ಕು ಪದಗಳಿಗೆ ಬಳಸಿ. ನಾಲ್ಕು ಸಾಲುಗಳಿಗೆ ಬಳಸಬೇಡಿ.

ಇದರ ಕಾರಣ ತಿಳಿಯಲು ಮಿಸ್ಟ್ರಲ್ ಎಂಬ ಫಾಂಟಿನ ಕಥೆಯನ್ನು ಕೇಳಬೇಕು. ಫ್ರಾನ್ಸಿನ ಮಾರ್ಸೇ ನಗರದಲ್ಲಿ ಅಚ್ಚುಮೊಳೆಗಳನ್ನು ಎರಕ ಹೊಯ್ಯುವ ಓಲೀವ್ ಎಂಬ ಕಾರ್ಖಾನೆಯಿತ್ತು. ಅಲ್ಲಿನ ವಿನ್ಯಾಸಕ ರೋಜೆ ಎಕ್ಸ್‌ಕೊಫೊನ್ ತಮ್ಮದೇ ಕೈಬರಹವನ್ನು ಆಧಾರವಾಗಿಟ್ಟುಕೊಂಡು ರೂಪಿಸಿದ ಈ ಅಕ್ಷರಗಳು 1953ರಲ್ಲಿ ಹೊರಬಂದವು. ದಕ್ಷಿಣ ಫ್ರಾನ್ಸಿನಲ್ಲಿ ರಭಸದಿಂದ ಬೀಸುವ ಗಾಳಿಯ ಹೆಸರನ್ನೇ ಅದಕ್ಕೆ ಇಟ್ಟರು. ಆಗ ಪ್ರತಿ ಅಕ್ಷರವೂ ಬಿಡಿಬಿಡಿಯಾದ ಸೀಸದ ಮೊಳೆ. ಒಂದು ಅಕ್ಷರದ ಕೊನೆಯ ಗೆರೆ ತನ್ನ ಮೊಳೆಯ ಅಂಚಿನವರೆಗೂ ಬಂದು, ಪಕ್ಕದ ಮೊಳೆಯ ಗೆರೆಯನ್ನು ಸರಿಯಾದ ಎತ್ತರದಲ್ಲಿ ಕೂಡಬೇಕು. ಪಕ್ಕಕ್ಕೆ ಯಾವ ಅಕ್ಷರ ಬರುತ್ತದೆಂಬುದು ಮೊದಲೇ ಗೊತ್ತಿರುವುದಿಲ್ಲವಾದ್ದರಿಂದ, ಯಾವುದು ಬಂದರೂ ಕೂಡುವಂತಿರಬೇಕು. ಇಷ್ಟು ಬಿಗಿಯಾದ ಲೆಕ್ಕದ ನಡುವೆಯೂ ಅಕ್ಷರಗಳು ಏರಿಳಿಯುತ್ತವೆ, ಗೆರೆಯ ಅಂಚು ಒರಟಾಗಿದೆ, ಅವಸರದಲ್ಲಿ ಬರೆದ ಚೀಟಿಯ ಸಲುಗೆ ಹಾಗೇ ಉಳಿದಿದೆ. ಅದನ್ನು ನೋಡಿದಾಗಲೆಲ್ಲ ನನಗೆ ಬೆರಗಾಗುತ್ತದೆ.

ಅದೇ ಮಿಸ್ಟ್ರಲ್‌ನಲ್ಲಿ ಒಂದು ಅಂಗಡಿಯ ಹೆಸರನ್ನು ಬರೆದರೆ ಯಾರದೋ ಕೈ ಈಗ ತಾನೇ ಬರೆದುಹೋದಂತೆ ಕಾಣುತ್ತದೆ. ಒಂದು ಪುಟವನ್ನೇ ತುಂಬಿದರೆ, ಅದೇ ಅಕ್ಷರ ಅದೇ ಒರಟು ಅಂಚಿನೊಡನೆ ಮತ್ತೆ ಮತ್ತೆ ಬರುತ್ತದೆ. ಮನುಷ್ಯನ ಕೈ ಒಂದೇ ಅಕ್ಷರವನ್ನು ಎರಡು ಸಲ ಒಂದೇ ರೀತಿ ಬರೆಯುವುದಿಲ್ಲವಾದ್ದರಿಂದ ಅದು ಅಚ್ಚೆಂದು ಕೂಡಲೇ ಬಯಲಾಗುತ್ತದೆ, ಕಣ್ಣೂ ದಣಿಯುತ್ತದೆ. ಇಂದಿನ ಕೆಲವು ಫಾಂಟುಗಳು ಒಂದೇ ಅಕ್ಷರದ ಎರಡು ಮೂರು ರೂಪಗಳನ್ನು ಬದಲಾಯಿಸಿಕೊಡುತ್ತವೆ. ಅದರಿಂದಲೂ ಹೆಚ್ಚು ದೂರ ಸಾಗಲಾಗದು. ನಾಲ್ಕು ಪದ, ಅಷ್ಟೇ.

ಸಮಯ ಕಡಿಮೆಯಿದೆ, ಕನ್ನಡದ ವಿಷಯವನ್ನು ಬೇಗ ಹೇಳುತ್ತೇನೆ. ನಮ್ಮ ಅಕ್ಷರಗಳು ಇಂಗ್ಲಿಷಿನ ಕೂಡುಬರಹದಂತೆ ಒಂದಕ್ಕೊಂದು ಹೆಣೆದುಕೊಳ್ಳುವುದಿಲ್ಲ. ನಮ್ಮ ಕೈಬರಹದ ಚೆಲುವು ತಲೆಕಟ್ಟಿನ ಬಾಗಿನಲ್ಲಿ, ಕೆಳಗೆ ಇಳಿಯುವ ಒತ್ತಕ್ಷರದ ಬೀಸಿನಲ್ಲಿದೆ. ಆ ಬೀಸಿಗೆ ಜಾಗ ಬೇಕು. ಚಿಕ್ಕ ಗಾತ್ರದಲ್ಲಿ ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿ, ಓದುವವರು ತಡವರಿಸುತ್ತಾರೆ.

ಇಂಗ್ಲಿಷ್ ಕರೆಯೋಲೆಗಳಲ್ಲಿ ಇಂಥ ಫಾಂಟಿನ ಕ್ಯಾಪಿಟಲ್ ಅಕ್ಷರಗಳನ್ನೇ ಸಾಲಾಗಿ ಜೋಡಿಸಿ ಹೆಸರು ಬರೆಯುವುದನ್ನಂತೂ ದಯವಿಟ್ಟು ನಿಲ್ಲಿಸಿ. ವಧೂವರರ ಹೆಸರು ಕೈಬರಹದಲ್ಲಿ ದೊಡ್ಡದಾಗಿರಲಿ. ಮುಹೂರ್ತ, ಕಲ್ಯಾಣ ಮಂಟಪದ ವಿಳಾಸ ಮತ್ತು ಫೋನ್ ನಂಬರುಗಳು ಸಾದಾ ಫಾಂಟಿನಲ್ಲಿರಲಿ.