ಮೊದಲು ಕಾಲು ನೋಡ್ಕೊಳ್ಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಸೇನೆಯ ಆಫೀಸರ್ ತರಬೇತಿಗೆ ಹೊರಟ ಮಕ್ಕಳಿಗೆ ನಾಲ್ಕು ಮಾತು ಹೇಳಿ ಅಂತ ಧಾರವಾಡ ಆಕಾಶವಾಣಿಯವರು ನನ್ನನ್ನು ಕರೆದಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ, ನಾನು ಆಫೀಸರ್ ಆಗಿದ್ದವನಲ್ಲ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಗೆ ಸಿಪಾಯಿಯಾಗಿ ಸೇರಿ, ಸುಬೇದಾರನಾಗಿ ನಿವೃತ್ತನಾದವನು. ನಡುವೆ ಕೆಲವು ವರ್ಷ ಒಂದು ಅಕಾಡೆಮಿಯಲ್ಲಿ ಕೆಡೆಟ್‌ಗಳಿಗೆ ಡ್ರಿಲ್ ಕಲಿಸುವ ಉಸ್ತಾದ್ ಆಗಿದ್ದೆ. ಅಲ್ಲೊಂದು ತಮಾಷೆ ಇದೆ. ಉಸ್ತಾದ್ ಕೆಡೆಟ್‌ಗೆ ಬೈಯುವಾಗಲೂ ‘ಸಾಬ್’ ಅಂತ ಸೇರಿಸಿಯೇ ಬೈಯಬೇಕು. ನಾಳೆ ಅವರೇ ನಮಗೆ ಸಾಹೇಬರಾಗುವವರು, ಅಲ್ವಾ?

ಸಪ್ತಾಪುರದ ಬಾಡಿಗೆ ರೂಮುಗಳಲ್ಲಿ ಕೂತು ಓದುವ ಹುಡುಗರು ದಾರಿಯಲ್ಲಿ ಸಿಕ್ಕಾಗ ಕೇಳುವುದು ಎರಡೇ ಪ್ರಶ್ನೆ. ಎಸ್‌ಎಸ್‌ಬಿಯಲ್ಲಿ ಏನು ಕೇಳ್ತಾರೆ ಸರ್? ಪ್ರೋಟೀನ್ ಪುಡಿ ಯಾವುದು ತಗೊಳ್ಳಲಿ ಸರ್? ಎಸ್‌ಎಸ್‌ಬಿ ಅಂದ್ರೆ ಆಫೀಸರ್‌ಗಳನ್ನು ಆರಿಸುವ ಸಂದರ್ಶನ, ಐದು ದಿನದ ಆಟ. ಅದನ್ನು ಕಲಿಸುವವರು ಧಾರವಾಡದಲ್ಲಿ ಗಲ್ಲಿಗೊಬ್ಬರಿದ್ದಾರೆ. ಪುಡಿಯ ವಿಷಯ ಬಿಡಿ. ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು ತಿಂದವರು ಅಲ್ಲಿ ಚೆನ್ನಾಗಿಯೇ ಓಡಿದ್ದನ್ನು ನಾನು ನೋಡಿದ್ದೇನೆ. ಇವತ್ತಿನವರೆಗೂ ಒಬ್ಬನೂ ನನ್ನನ್ನು ಕಾಲಿನ ಬಗ್ಗೆ ಕೇಳಿಲ್ಲ. ಹಾಗಾಗಿ ನಾನೇ ಹೇಳುತ್ತೇನೆ. ಮೊದಲು ಕಾಲು ನೋಡ್ಕೊಳ್ಳಿ.

ಒಬ್ಬ ಹುಡುಗನ ಕಥೆ ಹೇಳಬೇಕು. ಯಾವ ವರ್ಷ, ಯಾವ ಅಕಾಡೆಮಿ ಅಂತ ಹೇಳುವುದಿಲ್ಲ. ಅವನು ಈಗ ದೊಡ್ಡ ಹುದ್ದೆಯಲ್ಲಿದ್ದಾನೆ, ರೇಡಿಯೊ ಕೇಳಿದರೆ ನಾಚಿಕೊಂಡಾನು.

ಹೊಸ ಬ್ಯಾಚ್ ಬಂದು ನಾಲ್ಕನೇ ದಿನ. ಡ್ರಿಲ್ ಮೈದಾನ. ಉಸ್ತಾದ್ ಆದವನು ಕಣ್ಣಿಗಿಂತ ಜಾಸ್ತಿ ಕಿವಿಯಿಂದ ಕೆಲಸ ಮಾಡುತ್ತಾನೆ. ಮೂವತ್ತು ಜನ ಹಿಮ್ಮಡಿ ಊರಿದರೆ ಒಂದೇ ಸದ್ದು ಬರಬೇಕು. ಅವತ್ತು ‘ಧಡ್’ ಅಂದಮೇಲೆ ಒಂದು ಸಣ್ಣ ‘ಟಪ್’ ಕೇಳಿಸುತ್ತಿತ್ತು. ಯಾರೋ ಒಬ್ಬ ತಡವಾಗಿ ಕಾಲಿಡುತ್ತಿದ್ದಾನೆ. ಸಾಲಿನ ಹಿಂದೆ ನಡೆಯುತ್ತಾ ಬಂದೆ. ಎರಡನೇ ಸಾಲಿನಲ್ಲಿ ಒಬ್ಬ ಉದ್ದನೆಯ ಹುಡುಗ. ಮುಖ ಕಲ್ಲಿನ ಹಾಗೆ, ಕತ್ತು ನೆಟ್ಟಗೆ, ಎಲ್ಲಾ ಸರಿ ಇದೆ. ಬಲಗಾಲು ಊರಿದ ಕೂಡಲೇ ಬಾಯೊಳಗೇ ಅಂದ, ‘ಯವ್ವಾ’.

ದೇಶದ ಎಲ್ಲಾ ಮೂಲೆಯವರು ಇದ್ದ ಆ ಮೈದಾನದಲ್ಲಿ ‘ಯವ್ವಾ’ ಅಂತ ಕೇಳಿಸಿದರೆ ನನಗೆ ಹೇಗಾಗಿರಬೇಡ! ಹಿಂದಿ ಮರೆತೇ ಹೋಯಿತು. ಪಕ್ಕಕ್ಕೆ ಕರೆದೆ.

‘ಎಲ್ಲಿಯವಪ್ಪಾ ನೀ?’

ಅವನ ಕಣ್ಣು ಇಷ್ಟಗಲ ಆಯಿತು. ‘ಗದಗ ಕಡೆಯಾಂವ್ರೀ ಉಸ್ತಾದ್.’

‘ಕಾಲಿಗೇನಾಗೇತಿ?’

‘ಏನೂ ಆಗಿಲ್ರೀ. ಶೂ ಸ್ವಲ್ಪ ಕಚ್ಚೇತಿ, ಅಷ್ಟ.’

‘ಬಿಚ್ಚು.’

ಬಿಚ್ಚಲು ಆಗಲಿಲ್ಲ. ಕಾಲುಚೀಲ ಹಿಮ್ಮಡಿಗೆ ಅಂಟಿಕೊಂಡಿತ್ತು. ನೀರು ಹಾಕಿ ನೆನೆಸಿ, ನಿಧಾನಕ್ಕೆ ಬಿಡಿಸಿದೆ. ಎದ್ದ ಗುಳ್ಳೆ ಒಡೆದು, ಅದರ ಮೇಲೆಯೇ ಎರಡು ದಿನ ಓಡಿದ್ದಾನೆ. ಚರ್ಮ ಕಿತ್ತು ಒಳಗಿನ ಕೆಂಪು ಮಾಂಸ ಕಾಣುತ್ತಿತ್ತು, ಅಂಚಿನಲ್ಲಿ ಕೀವು. ಕೈಯಲ್ಲಿದ್ದ ಶೂ ಮಗುಚಿ ನೋಡಿದೆ. ತಳದಲ್ಲಿ, ನೆಲಕ್ಕೆ ತಾಗದ ಆ ಕಮಾನಿನ ಜಾಗದಲ್ಲಿ, ಅಂಗಡಿಯ ಬೆಲೆ ಚೀಟಿ ಇನ್ನೂ ಹಾಗೇ ಇತ್ತು. ಅಂಕಿ ಸಹ ಅಳಿಸಿರಲಿಲ್ಲ.

ಎಷ್ಟು ದಿನದ ಶೂ ಅಂತ ಕೇಳಿದೆ. ಎರಡು ತಿಂಗಳ ಹಿಂದೆಯೇ ಹುಬ್ಬಳ್ಳಿಯಲ್ಲಿ ಕೊಂಡಿದ್ದರಂತೆ. ಅವರಪ್ಪ ‘ಸಾಹೇಬ ಆಗಾಂವ, ಹೊಸಾ ಶೂ ಹಾಕ್ಕೊಂಡ ಹೋಗ್ಬೇಕು, ಇಲ್ಲೇ ಹಾಕಿ ಹಾಳು ಮಾಡಬ್ಯಾಡ’ ಅಂತ ಡಬ್ಬಿ ಸಮೇತ ಟ್ರಂಕಿನಲ್ಲಿ ಇಡಿಸಿದ್ದರು. ಎಷ್ಟು ಪ್ರೀತಿ ನೋಡಿ. ಆ ಪ್ರೀತಿಯೇ ಹುಡುಗನ ಹಿಮ್ಮಡಿ ತಿಂದಿತು.

ಎಂಐ ರೂಮಿಗೆ ಕಳಿಸಿದೆ. ಎಂಐ ರೂಮ್ ಅಂದ್ರೆ ಪಲ್ಟನ್ನಿನ ದವಾಖಾನೆ. ಡಾಕ್ಟರು ಓಟ, ಡ್ರಿಲ್ಲಿನಿಂದ ವಿನಾಯಿತಿಯ ಚೀಟಿ ಕೊಟ್ಟರು. ಎರಡು ದಿನ ಸುಮ್ನೆ ಕೂತ. ಮೂರನೇ ದಿನ ನಾಚಿಕೆ. ಬ್ಯಾಚಿನವರೆಲ್ಲಾ ಓಡುವಾಗ ತಾನು ಕೂರುವುದು ಹೇಗೆ ಅಂತ ಚೀಟಿ ಮುಚ್ಚಿಟ್ಟು ಓಡಿದ. ಗಾಯ ನೋಯಬಾರದು ಅಂತ ಕಾಲು ವಾರೆ ಇಟ್ಟು ಓಡಿದ. ಹಾಗೆ ವಾರೆ ಇಟ್ಟರೆ ಭಾರವೆಲ್ಲಾ ಒಂದೇ ಕಡೆ ಬೀಳುತ್ತದೆ. ಮೂರು ವಾರ ಕಳೆಯುವುದರೊಳಗೆ ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು. ಇದು ಹೊಸ ರಂಗರೂಟರಿಗೆ ಎಲ್ಲಾ ಸೇನೆಗಳಲ್ಲೂ ಬರುವ ಕಾಯಿಲೆ. ಸ್ಟ್ರೆಸ್ ಫ್ರ್ಯಾಕ್ಚರ್ ಅಂತಾರೆ. ಬಿದ್ದು ಮುರಿಯುವುದಲ್ಲ, ಬಡಿದು ಬಡಿದು ಬಿರಿಯುವುದು.

ಪರೀಕ್ಷೆಗಳು ತಪ್ಪಿದವು. ಹುಡುಗ ರೆಲಿಗೇಟ್ ಆದ. ಅಂದ್ರೆ ಜೊತೆಯವರು ಮುಂದಿನ ಟರ್ಮಿಗೆ ಹೋದರು, ಇವನು ಹಿಂದೆ ಬರುತ್ತಿದ್ದ ಕಿರಿಯರ ಬ್ಯಾಚಿಗೆ. ಆರು ತಿಂಗಳು ಹೋಯಿತು. ಓದಿನಲ್ಲಿ ಮುಂದಿದ್ದ, ಗುಂಡು ಹಾರಿಸುವುದರಲ್ಲಿ ಮುಂದಿದ್ದ, ಇಂಗ್ಲಿಷ್ ಅಂತೂ ನಮ್ಮ ಕಂಪನಿ ಕಮಾಂಡರ್‌ಗಿಂತ ಚೆನ್ನಾಗಿತ್ತು. ಏನು ಪ್ರಯೋಜನ? ಅವನ ಜೊತೆಯವರು ಹೆಗಲಿಗೆ ನಕ್ಷತ್ರ ಹಾಕಿಕೊಂಡ ದಿನ ಇವನು ಪ್ರೇಕ್ಷಕರ ಕುರ್ಚಿ ಜೋಡಿಸುತ್ತಿದ್ದ.

ನನಗೆ ಕೊಟ್ಟಿರುವುದು ಹತ್ತು ನಿಮಿಷ. ಕಥೆಯೇ ಆರು ನಿಮಿಷ ತಿಂದಿತು. ಇರಲಿ.

ಈಗ ನೀವು ಮಾಡಬೇಕಾದ್ದು ಕೇಳಿ. ಶೂ ಕೊಳ್ಳಲು ದುರ್ಗದ ಬೈಲಿಗೆ ಹೋಗುತ್ತೀರೋ, ಸುಭಾಸ ರಸ್ತೆಗೆ ಹೋಗುತ್ತೀರೋ, ಸಂಜೆ ಹೋಗಿ. ದಿನವಿಡೀ ಓಡಾಡಿದ ಕಾಲು ಸಂಜೆಗೆ ಸ್ವಲ್ಪ ಊದಿರುತ್ತದೆ. ಓಡುವಾಗಲೂ ಹಾಗೇ ಊದುತ್ತದೆ. ಅಲ್ಲಿ ಹಾಕುವ ದಪ್ಪ ಕಾಲುಚೀಲವನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ, ಹಾಕಿ ನೋಡಿ. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಇರಲಿ. ‘ಹಾಕ್ತಾ ಹಾಕ್ತಾ ಸಡಿಲ ಆಗ್ತದೆ’ ಅಂತ ಅಂಗಡಿಯವನು ಹೇಳಿದರೆ ಎದ್ದು ಬನ್ನಿ.

ತಂದಮೇಲೆ ಡಬ್ಬಿಯಲ್ಲಿ ಇಡಬೇಡಿ. ಮೊದಲ ವಾರ ಮನೆಯೊಳಗೆ ಅರ್ಧ ಗಂಟೆ. ಆಮೇಲೆ ಸಂತೆಗೆ, ಕಿರಾಣಿ ಅಂಗಡಿಗೆ. ಆಮೇಲೆ ಉಣಕಲ್ ಕೆರೆಯ ಸುತ್ತ ನಡಿಗೆ. ಒಂದೂವರೆ ಎರಡು ತಿಂಗಳು ಹೀಗೆ ಹಾಕಿ. ಹಿಮ್ಮಡಿಯ ಅಂಚು ಗಟ್ಟಿ ಇದ್ದರೆ ಒಳಗಡೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ. ಚಪ್ಪಲಿ ಕಚ್ಚಿದಾಗ ನಿಮ್ಮ ಅಜ್ಜಿ ಮಾಡಿದ್ದೂ ಅದನ್ನೇ. ಡ್ರಿಲ್ಲಿನ ಬೂಟು ಅಕಾಡೆಮಿಯಲ್ಲೇ ಕೊಡುತ್ತಾರೆ, ಅದು ಹೊಸದೇ ಇರುತ್ತದೆ. ಅದು ನಿಮ್ಮ ಕೈಯಲ್ಲಿಲ್ಲ. ಕಾಲಿನ ಚರ್ಮ ಗಟ್ಟಿ ಮಾಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ಓಟ. ಎನ್‌ಡಿಎ, ಅಂದ್ರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅದರ ಪ್ರಕಟಣೆಯಲ್ಲಿ 2.4 ಕಿಲೋಮೀಟರ್ 15 ನಿಮಿಷದಲ್ಲಿ ಓಡುವ ಅಭ್ಯಾಸ ಮಾಡಿಕೊಂಡು ಬನ್ನಿ ಅಂತ ಬರೆದಿರುತ್ತಾರೆ. 400 ಮೀಟರ್ ಟ್ರ್ಯಾಕಿನಲ್ಲಿ ಆರು ಸುತ್ತು. ಎಂಜಿನಿಯರಿಂಗ್ ಮುಗಿಸಿ ಡೆಹ್ರಾಡೂನ್‌ನ ಸೇನಾ ಅಕಾಡೆಮಿಗೆ ಹೋಗುವವರಿಗೆ ಅದೇ ಆರು ಸುತ್ತು 10 ನಿಮಿಷ 30 ಸೆಕೆಂಡಿನಲ್ಲಿ, ಜೊತೆಗೆ 40 ಪುಶ್‌ಅಪ್. ಇದನ್ನು ಕೇಳಿ ನಾಳೆ ಬೆಳಿಗ್ಗೆಯೇ ನೃಪತುಂಗ ಬೆಟ್ಟದ ಡಾಂಬರು ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಓಡಬೇಡಿ! ಮಣ್ಣಿನ ಮೇಲೆ ಓಡಿ. ಧಾರವಾಡದ ಕರ್ನಾಟಕ ಕಾಲೇಜಿನ, ಅದೇ ಕೆಸಿಡಿಯ, ಮೈದಾನ ಇದೆ, ನಿಮ್ಮೂರಿನ ಹೊಲದ ದಾರಿ ಇದೆ. ವಾರ ವಾರ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ. ಕೆಲವರು ಬರಿಗಾಲಲ್ಲಿ ಚೆನ್ನಾಗಿ ಓಡುತ್ತೀರಿ, ನನಗೆ ಗೊತ್ತು, ನಾನೂ ಹಾಗೇ ಓಡಿದವನು. ಆದರೆ ಅಲ್ಲಿ ಬರಿಗಾಲಲ್ಲಿ ಬಿಡುವುದಿಲ್ಲ.

ಗುಳ್ಳೆ ಎದ್ದರೆ ಚರ್ಮ ಕೀಳಬೇಡಿ. ಒದ್ದೆ ಕಾಲುಚೀಲದಲ್ಲಿ ಕೂರಬೇಡಿ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಕೊರೆಯಬೇಡಿ. ನೋವಾದರೆ ಉಸ್ತಾದ್‌ಗೆ ಹೇಳಿ. ಅವನು ಬೈಯುತ್ತಾನೆ, ಬೈದಮೇಲೆ ನೋಡುತ್ತಾನೆ.

ಹೆಣ್ಣುಮಕ್ಕಳಿಗೆ ಒಂದು ಮಾತು. 2022ರಿಂದ ಎನ್‌ಡಿಎ ನಿಮಗೂ ತೆರೆದಿದೆ, 2025ರ ಮೇ ತಿಂಗಳಲ್ಲಿ ಮೊದಲ 17 ಜನ ಪಾಸಾಗಿ ಹೊರಬಂದರು. ಅಣ್ಣನ ಶೂ ಹಾಕಿಕೊಂಡು ಅಭ್ಯಾಸ ಮಾಡಬೇಡಿ ತಂಗಿ. ಹಿಮ್ಮಡಿ ಸಡಿಲ ಇದ್ದರೂ ಕಚ್ಚುತ್ತದೆ.

ಈಜು ಕಲಿಯಿರಿ, ಹಿಂದಿ ಸ್ವಲ್ಪ ಮಾತಾಡಿ, ನಿದ್ದೆ ಸಿಕ್ಕಾಗ ನಿದ್ದೆ ಮಾಡಿ. ಇದರ ಬಗ್ಗೆ ಇನ್ನೊಮ್ಮೆ ಕರೆದರೆ ಹೇಳುತ್ತೇನೆ.

ಹುಬ್ಬಳ್ಳಿ, ಗದಗ, ಹಾವೇರಿಯಲ್ಲಿ ಇದನ್ನು ಕೇಳುತ್ತಿರುವ ಅಪ್ಪಂದಿರೇ, ಟ್ರಂಕಿನೊಳಗೆ ಡಬ್ಬಿ ಇದ್ದರೆ ಈಗಲೇ ಹೊರಗೆ ತೆಗೆಯಿರಿ. ಬೆಲೆ ಚೀಟಿ ಕಿತ್ತುಹಾಕಿ. ಆ ಶೂ ಹಾಕಿಸಿ ಮಗನನ್ನೋ ಮಗಳನ್ನೋ ಹಾಲು ತರಲು ಕಳಿಸಿ. ನಮಸ್ಕಾರ.